ವಾಕಿಂಗ್, ಹಾಕಿ ಆದಮೇಲೆ ವಾಚ್ ತೋರಿಸುವಷ್ಟು ಕ್ಯಾಲೊರಿ ಮತ್ತೆ ತಿನ್ನಬೇಕಾ?

ನಾಪೋಕ್ಲು_ಹಾಕಿ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ಲೆಕ್ಕದಲ್ಲಿ ಒಂದು ಗೊಂದಲ ಇದೆ, ತಿಳಿದವರು ಬಿಡಿಸಿ ಹೇಳಿ.

ವಿವರ ಹೀಗಿದೆ. ಹೆಂಗಸು, ವಯಸ್ಸು 34, ಎತ್ತರ 158 ಸೆಂ.ಮೀ., ತೂಕ 72 ಕೆ.ಜಿ. ಶುಗರ್, ಥೈರಾಯ್ಡ್ ಇಲ್ಲ. ಕೂತು ಮಾಡುವ ಕೆಲಸ. ವಾರಕ್ಕೆ ಐದು ಬೆಳಿಗ್ಗೆ 4 ಕಿ.ಮೀ. ನಡಿಗೆ, ಅದರಲ್ಲಿ ಸುಮಾರು 120 ಮೀಟರ್ ಏರು. ವಾರಕ್ಕೆ ಎರಡು ಸಂಜೆ ಕುಟುಂಬದ ತಂಡದ ಹಾಕಿ ಪ್ರಾಕ್ಟೀಸ್, ಒಂದೂವರೆ ಗಂಟೆ. ಆ್ಯಪ್‌ನಲ್ಲಿ ‘ಲಘು ಚಟುವಟಿಕೆ’ ಆರಿಸಿ ವಾರಕ್ಕೆ ಅರ್ಧ ಕೆ.ಜಿ. ಇಳಿಸಬೇಕು ಅಂತ ಹಾಕಿದರೆ ದಿನಕ್ಕೆ 1400 ಕ್ಯಾಲೊರಿ ಕೊಟ್ಟಿದೆ. ವಾಚ್ ಕೂಡ ಅದಕ್ಕೇ ಜೋಡಿಸಿದೆ. ನಡೆದ ದಿನ 380, ಹಾಕಿ ಆಡಿದ ದಿನ 820 ತಾನಾಗಿ ಸೇರಿಸಿ ‘ಇನ್ನೂ ಇಷ್ಟು ತಿನ್ನಬಹುದು’ ಅಂತ ಹಸಿರು ಅಕ್ಷರದಲ್ಲಿ ತೋರಿಸುತ್ತದೆ.

ಅದನ್ನು ತಿನ್ನಬೇಕಾ, ಬಿಡಬೇಕಾ? ತಿಂದರೆ ತೂಕ ಅಲ್ಲಾಡುತ್ತಿಲ್ಲ. ಬಿಟ್ಟರೆ ಹಾಕಿ ದಿನ ರಾತ್ರಿ ಹಸಿವು ತಡೆಯಲು ಆಗುವುದಿಲ್ಲ. ‘ತಿನ್ನದಿದ್ದರೆ ದೇಹ ಬರಗಾಲದ ಸ್ಥಿತಿಗೆ ಹೋಗಿ ಕೊಬ್ಬು ಕರಗುವುದೇ ನಿಲ್ಲುತ್ತದೆ’ ಅಂತ ಒಂದು ಕಡೆ ಹೇಳುತ್ತಾರೆ, ‘ಒಂದು ತುತ್ತೂ ಹೆಚ್ಚು ಬೇಡ’ ಅಂತ ಇನ್ನೊಂದು ಕಡೆ. ಜೊತೆಗೆ ನಮ್ಮ ಮನೆ ಊಟ ಯಾವ ಆ್ಯಪ್‌ನಲ್ಲೂ ಸರಿಯಾಗಿ ಇಲ್ಲ. ಒಟ್ಟಿ (ಅಕ್ಕಿ ರೊಟ್ಟಿ), ಕಡಂಬಿಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಅಡುಗೆ) ಇವನ್ನು ಹೇಗೆ ಲೆಕ್ಕ ಹಾಕುವುದು?

ಆಹಾರಲೆಕ್ಕ_ಗೋಣಿಕೊಪ್ಪ

ಅಕ್ಕ, ಮೊದಲು ಆ 1400 ಎಲ್ಲಿಂದ ಬಂತು ಅಂತ ನೋಡೋಣ. ನಿಮ್ಮ ತೂಕ ಯಾಕೆ ನಿಂತಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಬಹಳಷ್ಟು ಆ್ಯಪ್‌ಗಳು ಬಳಸುವುದು ಮಿಫ್ಲಿನ್-ಸೇಂಟ್ ಜೋರ್ ಸೂತ್ರ. ಹೆಂಗಸರಿಗೆ ಅದು ಹೀಗೆ: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ. ಅದರಲ್ಲಿ ವಯಸ್ಸಿನ ಐದರಷ್ಟು ಕಳೆಯಿರಿ, ಆಮೇಲೆ 161 ಕಳೆಯಿರಿ. (ಗಂಡಸರಾದರೆ 161 ಕಳೆಯುವ ಬದಲು 5 ಕೂಡಿಸಬೇಕು.) ನಿಮ್ಮದು 720 + 987.5 − 170 − 161, ಹತ್ತಿರಹತ್ತಿರ 1377. ದಿನವಿಡೀ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮೈ ಬೆಚ್ಚಗಿಡುವುದಕ್ಕೆ ಖರ್ಚಾಗುವುದು ಇಷ್ಟು. ಇದನ್ನು ಚಟುವಟಿಕೆಯ ಅಂಶದಿಂದ ಗುಣಿಸುತ್ತಾರೆ: ಕೂತೇ ಇರುವವರಿಗೆ 1.2, ಲಘು ಚಟುವಟಿಕೆಗೆ 1.375, ಮಧ್ಯಮಕ್ಕೆ 1.55. ನೀವು ‘ಲಘು’ ಒತ್ತಿದ್ದರಿಂದ 1893 ಆಯಿತು. ಅರ್ಧ ಕೆ.ಜಿ. ಇಳಿಕೆಗೆ 500 ಕಳೆದು 1393, ಅದನ್ನೇ 1400 ಮಾಡಿದೆ.

ಈಗ ಇದನ್ನು ಗಮನಿಸಿ. 1.2 ಬಿಟ್ಟು 1.375 ಒತ್ತಿದ ಕ್ಷಣವೇ ದಿನಕ್ಕೆ 241 ಕ್ಯಾಲೊರಿ ನಿಮ್ಮ ಊಟಕ್ಕೆ ಸೇರಿಹೋಗಿದೆ, ವಾರದ ಏಳೂ ದಿನ. ಅದೇ ನಿಮ್ಮ ನಡಿಗೆ ಮತ್ತು ಹಾಕಿಯ ಪಾಲು. ಅದರ ಮೇಲೆ ವಾಚ್ ಬಂದು ಅದೇ ನಡಿಗೆಗೆ, ಅದೇ ಹಾಕಿಗೆ ಇನ್ನೊಂದು ಸಲ ಬಿಲ್ ಹಾಕುತ್ತಿದೆ.

ವಾರದ ಲೆಕ್ಕ ನೋಡಿ. ಐದು ನಡಿಗೆಗೆ 380ರಂತೆ 1900, ಎರಡು ಹಾಕಿಗೆ 820ರಂತೆ 1640, ಒಟ್ಟು 3540. ತೂಕ ಇಳಿಯಲೆಂದು ವಾರಕ್ಕೆ ಕಳೆದದ್ದು 500ರ ಏಳರಷ್ಟು, ಅಂದರೆ 3500. ಕಳೆದದ್ದೆಲ್ಲ ವಾಪಸ್ ಹೊಟ್ಟೆಗೆ ಬಂತು. ತೂಕ ಅಲ್ಲಾಡದೇ ಇರುವುದು ನಿಮ್ಮ ದೇಹದ ತಪ್ಪಲ್ಲ, ಹಾರ್ಮೋನಿನ ತಪ್ಪೂ ಅಲ್ಲ. ಆ್ಯಪ್ ಹೇಳಿದಂತೆ ನೀವು ಚಾಚೂತಪ್ಪದೆ ನಡೆದುಕೊಂಡದ್ದರ ಫಲ ಇದು.

ಹಾಗಾಗಿ ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಒಂದು, ಆ್ಯಪ್‌ನಲ್ಲಿ ‘ಕೂತು ಕೆಲಸ’ ಅಂತ ಹಾಕಿ, ವ್ಯಾಯಾಮ ಮಾಡಿದ ದಿನ ಅದರ ನಿಜವಾದ ಖರ್ಚಿನಲ್ಲಿ ಸ್ವಲ್ಪ ಭಾಗ ಸೇರಿಸಿಕೊಳ್ಳುವುದು. ಇನ್ನೊಂದು, ವ್ಯಾಯಾಮವನ್ನೂ ಸೇರಿಸಿದ ಸರಾಸರಿ ಸಂಖ್ಯೆ ಇಟ್ಟುಕೊಂಡು ವಾಚಿನಿಂದ ಏನೂ ಸೇರಿಸದೇ ಇರುವುದು. ನಿಮ್ಮಂತೆ ವಾರದ ದಿನಚರಿ ಹೆಚ್ಚುಕಡಿಮೆ ಒಂದೇ ಇರುವವರಿಗೆ ಎರಡನೆಯದೇ ಸರಿ. ಎರಡನ್ನೂ ಬೆರೆಸಬಾರದು, ಅಷ್ಟೇ.

ಬರಗಾಲದ ಸ್ಥಿತಿ ಅನ್ನುವ ಮಾತು: ಕಡಿಮೆ ತಿಂದಾಗ ದೇಹದ ಖರ್ಚು ಸ್ವಲ್ಪ ತಗ್ಗುತ್ತದೆ, ಅದು ನಿಜ. ಕೊಬ್ಬು ಕರಗುವುದು ನಿಲ್ಲುತ್ತದೆ ಅನ್ನುವುದು ಸುಳ್ಳು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು, ನಡೆಸಿ, ಕೆಲಸ ಮಾಡಿಸಿ ನೋಡಿದ್ದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಊಟದ ಬಗ್ಗೆ ವಿಪರೀತ ಯೋಚನೆ, ಮಂಕು, ಸುಸ್ತು ಎಲ್ಲವೂ ಬಂದವು. ಅತಿ ಕಡಿಮೆ ತಿನ್ನಬಾರದು ಅನ್ನುವುದಕ್ಕೆ ಕಾರಣ ಇವೇ.

ಬೆಟ್ಟದಾರಿ_ಮಡಿಕೇರಿ

ಮೇಲಿನ ಲೆಕ್ಕ ಸರಿ. ಆದರೆ ‘ನಿಜವಾದ ಖರ್ಚು’ ಎಷ್ಟು ಅನ್ನುವುದನ್ನೂ ಹೇಳಬೇಕು, ಕೊಡಗಿನ ರಸ್ತೆಯಲ್ಲಿ ಅದು ಬಯಲುಸೀಮೆಯ ಲೆಕ್ಕ ಅಲ್ಲ.

ಸಮತಟ್ಟು ನಡಿಗೆಗೆ, ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಬಿಟ್ಟು, ಒಂದು ಕೆ.ಜಿ. ತೂಕಕ್ಕೆ ಒಂದು ಕಿ.ಮೀ.ಗೆ ಸುಮಾರು ಅರ್ಧ ಕ್ಯಾಲೊರಿ. 72 ಕೆ.ಜಿ., 4 ಕಿ.ಮೀ. ಅಂದರೆ 144. ಏರಿಗೆ ಬೇರೆ ಲೆಕ್ಕ. ಭಾರ ಮೇಲೆತ್ತಲು ಬೇಕಾದ ಶಕ್ತಿಯ ನಾಲ್ಕರಷ್ಟು ಸ್ನಾಯುಗಳು ಖರ್ಚು ಮಾಡುತ್ತವೆ, ಉಳಿದ ಮುಕ್ಕಾಲು ಶಾಖವಾಗಿ ಹೋಗುತ್ತದೆ. 72 ಕೆ.ಜಿ.ಯನ್ನು 120 ಮೀಟರ್ ಎತ್ತಲು 20 ಕ್ಯಾಲೊರಿ ಬೇಕು, ದೇಹಕ್ಕೆ ಬೀಳುವುದು 80. ಇಳಿಜಾರಿನಲ್ಲಿ ಸ್ವಲ್ಪ ಉಳಿತಾಯ ಇದೆ, ಬಿಡಿ. ಒಟ್ಟು 225 ಆಸುಪಾಸು. ವಾಚ್ ಹೇಳಿದ್ದು 380.

ಈ ಅಂತರ ಎಲ್ಲಿಂದ ಬರುತ್ತದೆ?

ಮೊದಲನೆಯದು, ‘ಒಟ್ಟು’ ಮತ್ತು ‘ಸಕ್ರಿಯ’ ಕ್ಯಾಲೊರಿ. ಒಟ್ಟಿನಲ್ಲಿ ಸುಮ್ಮನಿದ್ದರೂ ಆಗುವ ಖರ್ಚು ಸೇರಿರುತ್ತದೆ, ನಿಮಗೆ ಅದು ಗಂಟೆಗೆ 57. ಅದನ್ನು ಆ್ಯಪ್ ಮೊದಲೇ 1377ರಲ್ಲಿ ಎಣಿಸಿಯಾಗಿದೆ. ಎರಡನೆಯದು, ವಾಚಿಗೆ ಗೊತ್ತಿರುವುದು ನಾಡಿಬಡಿತ ಮತ್ತು ಕೈಯಾಟ ಮಾತ್ರ. ಕಾಫಿ ಕುಡಿದು ಹೊರಟರೆ, ಸೆಕೆ ಇದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ ಬಡಿತ ಏರುತ್ತದೆ, ಖರ್ಚು ಏರುವುದಿಲ್ಲ. ವಾಚ್ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಏಳರಲ್ಲಿ ಆರು ನಾಡಿಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27 ತಪ್ಪಿತು, ಅತಿ ಕೆಟ್ಟದ್ದು ಶೇ. 93.

ಒಂದು ಸಣ್ಣ ಪರೀಕ್ಷೆ ಮಾಡಿ: ವಾಚಿನ ಪ್ರೊಫೈಲ್‌ನಲ್ಲಿ ತೂಕ ಎಷ್ಟು ಅಂತ ಹಾಕಿದ್ದೀರಿ ನೋಡಿ. ಖರೀದಿಸಿದ ದಿನ ಹಾಕಿದ ತೂಕವೇ ಅನೇಕರಲ್ಲಿ ಉಳಿದಿರುತ್ತದೆ. ಸ್ಟ್ರಾಪ್ ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಜಾರದಷ್ಟು ಬಿಗಿ ಇರಲಿ. ಹಾಕಿ ಸ್ಟಿಕ್ ಹಿಡಿದಾಗ ಮಣಿಕಟ್ಟು ಮಡಚಿ ಸೆನ್ಸರ್ ಚರ್ಮದಿಂದ ಏಳುತ್ತದೆ, ಅಲ್ಲಿ ತೋರಿಸುವ ಬಡಿತವೇ ನಂಬುವಂಥದ್ದಲ್ಲ. ಕ್ಯಾಲೊರಿ ಬಿಡಿ.

ತಡಿಯಂಡಮೋಳ್ (1748 ಮೀಟರ್), ಬ್ರಹ್ಮಗಿರಿಯಂಥ ಚಾರಣದ ದಿನ ಮಾತ್ರ ಈ ಜಿಪುಣತನ ಬೇಡ. 600 ಮೀಟರ್ ಏರಿದರೆ ಏರಿಗೇ 400 ಕ್ಯಾಲೊರಿ, ದೂರದ್ದು ಬೇರೆ. ಆವತ್ತು ಗಂಟೆಗೆ 30 ಗ್ರಾಂ ಹಿಟ್ಟುಪದಾರ್ಥ (ಕಾರ್ಬೋಹೈಡ್ರೇಟ್) ಹೋಗಲಿ. ಒಂದು ದೊಡ್ಡ ಬಾಳೆಹಣ್ಣು, ಅಥವಾ ಹುರಿಗಡಲೆ ಎರಡು ಹಿಡಿ, ಜೊತೆಗೆ ಅಡಿಕೆ ಗಾತ್ರದ ಬೆಲ್ಲ. ಹೊಟ್ಟೆ ಖಾಲಿ ಇಟ್ಟು ಇಳಿಯುವಾಗಲೇ ಕಾಲು ನಡುಗಿ ಬೀಳುವುದು.

ಕೊಡ್ಲಿಪೇಟೆ_ರನ್ನರ್

ನಾನು ಒಪ್ಪುವುದಿಲ್ಲ. ತೂಕ ಇಳಿಸಬೇಕು ಅಂದಮೇಲೆ ವ್ಯಾಯಾಮಕ್ಕೆ ಅಂತ ಒಂದು ಕ್ಯಾಲೊರಿಯೂ ಹೆಚ್ಚು ತಿನ್ನಬಾರದು. ವ್ಯಾಯಾಮ ಮಾಡಿದವರು ಉಳಿದ ಹೊತ್ತು ಜಾಸ್ತಿ ಕೂರುತ್ತಾರೆ, ದೇಹವೇ ಬೇರೆ ಕಡೆ ಖರ್ಚು ಕಡಿತ ಮಾಡುತ್ತದೆ. ಹಸಿವಾದರೆ ನೀರು ಕುಡಿಯಿರಿ. ಲೆಕ್ಕ ಇಟ್ಟುಕೊಂಡು ಕೂತರೆ ಕೊನೆಗೆ ತಿನ್ನುವ ನೆಪವೇ ಸಿಗುವುದು.

ಮೈದಾನ_ಪೊನ್ನಂಪೇಟೆ

ಸರ್, ನೀವು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ವ್ಯಾಯಾಮದ ಖರ್ಚೆಲ್ಲ ದಿನದ ಲೆಕ್ಕಕ್ಕೆ ಪೂರ್ತಿ ಸೇರುವುದಿಲ್ಲ, ಒಂದಷ್ಟು ಬೇರೆ ಕಡೆ ಕಡಿತವಾಗುತ್ತದೆ. ಅದಕ್ಕೇ ಪೂರ್ತಿ ತಿನ್ನಬೇಡಿ, ಹೆಚ್ಚೆಂದರೆ ಅರ್ಧ ಅನ್ನುವುದು. ಆದರೆ ಹಾಕಿ ಆಡುವವರಿಗೆ ‘ನೀರು ಕುಡಿಯಿರಿ’ ಅಂದರೆ ಆಗುವುದಿಲ್ಲ. ಪ್ರಶ್ನೆ ಕೇಳಿದವರೇ ಬರೆದಿದ್ದಾರಲ್ಲ, ಆ ರಾತ್ರಿ ಹಸಿವು ತಡೆಯುವುದಿಲ್ಲ ಅಂತ. ಶಿಸ್ತಿನ ಕೊರತೆ ಅಂತ ಅದನ್ನು ತಳ್ಳಿಹಾಕಬಾರದು. ಮಧ್ಯಾಹ್ನ ಒಂದಕ್ಕೆ ಉಂಡು, ನಾಲ್ಕೂವರೆಗೆ ಮೈದಾನಕ್ಕಿಳಿದು, ಏಳಕ್ಕೆ ಮನೆ ಸೇರುವವರಿಗೆ ಆರು ಗಂಟೆಯ ಉಪವಾಸ ಆಗಿರುತ್ತದೆ, ನಡುವೆ ಓಟ ಬೇರೆ.

ಹಾಕಿಯ ಖರ್ಚು: ಬಿಡುವಿಲ್ಲದೆ ಆಡಿದರೆ ವಿಶ್ರಾಂತಿಯ 7.8 ಪಟ್ಟು. ವಿಶ್ರಾಂತಿಯದ್ದು ಕಳೆದರೆ 72 ಕೆ.ಜಿ.ಗೆ ಗಂಟೆಗೆ ಸುಮಾರು 490. ಆದರೆ ಒಂದೂವರೆ ಗಂಟೆಯ ಪ್ರಾಕ್ಟೀಸ್‌ನಲ್ಲಿ ನಿಜವಾದ ಓಟ ಮುಕ್ಕಾಲು ಗಂಟೆ ಇರಬಹುದು. ಉಳಿದದ್ದು ಕೋನ್ ಜೋಡಿಸುವುದು, ಸರದಿ ಕಾಯುವುದು, ಪೆನಾಲ್ಟಿ ಕಾರ್ನರ್‌ಗೆ ನಿಲ್ಲುವುದು. ಓಟಕ್ಕೆ 370, ಉಳಿದದ್ದಕ್ಕೆ 105, ಒಟ್ಟು 475. 820 ಅಲ್ಲವೇ ಅಲ್ಲ.

ಈಗ ವಾರದ ನಿಜವಾದ ಖರ್ಚು: ಐದು ನಡಿಗೆ 1125, ಎರಡು ಹಾಕಿ 950, ಒಟ್ಟು 2075, ದಿನಕ್ಕೆ 296. ಕೂತು ಕೆಲಸದ 1652ಕ್ಕೆ ಸೇರಿಸಿದರೆ 1948. ಆ್ಯಪ್‌ನ 1893ಕ್ಕೂ ಇದಕ್ಕೂ ಬರೀ 55 ವ್ಯತ್ಯಾಸ. ಅಂದರೆ 1400 ಎನ್ನುವ ಸಂಖ್ಯೆ ಸರಿಯೇ ಇದೆ, ಅದನ್ನು ದಿನಗಳ ಮೇಲೆ ಹಂಚಿದ ರೀತಿ ಸರಿಯಿಲ್ಲ.

ಹೀಗೆ ಹಂಚಿ: ಐದು ದಿನ 1350, ಹಾಕಿಯ ಎರಡು ದಿನ 1650. ವಾರಕ್ಕೆ 10,050, ಸರಾಸರಿ 1436. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಹಿಡಿದರೆ ವಾರಕ್ಕೆ 450 ಗ್ರಾಂ ಇಳಿಕೆ ಇನ್ನೂ ಉಳಿಯುತ್ತದೆ.

ಹಾಕಿ ದಿನದ 1650 ಹೀಗೆ ಹೋಗಲಿ. ಬೆಳಿಗ್ಗೆ 350, ಮಧ್ಯಾಹ್ನ 450. ಮೂರು-ಮೂರೂವರೆಗೆ 200: ತುಪ್ಪ ಸವರದ ಒಂದು ಒಟ್ಟಿಗೆ ಒಂದು ಚಮಚ ಜೇನು, ಜೊತೆಗೆ ಸಣ್ಣ ಬಾಳೆಹಣ್ಣು. ಈ ಹೊತ್ತಿನಲ್ಲಿ ಎಣ್ಣೆ, ತೆಂಗಿನಕಾಯಿ, ಮಾಂಸ ಬೇಡ, ಹೊಟ್ಟೆಯಿಂದ ಇಳಿಯಲು ತಡವಾಗುತ್ತದೆ, ಓಡುವಾಗ ಪಕ್ಕೆ ಹಿಡಿಯುತ್ತದೆ. ಮುಗಿದ ಕೂಡಲೇ 120: ಒಂದು ಲೋಟ ಹಾಲು, ಇಲ್ಲವೇ ಒಂದು ಮೊಟ್ಟೆ ಮತ್ತು ಉಪ್ಪು ಹಾಕಿದ ಮಜ್ಜಿಗೆ. ರಾತ್ರಿ ಊಟ 500, ಅದರಲ್ಲಿ 25-30 ಗ್ರಾಂ ಪ್ರೊಟೀನ್. ಉಳಿದ 30 ಕಾಫಿಗೆ. ಮೂರೂವರೆಯ ತಿಂಡಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ರಾತ್ರಿಯ ಅತಿಹಸಿವು ನಿಲ್ಲುವುದು ರಾತ್ರಿ ಊಟದಿಂದಲ್ಲ, ಈ 200ರಿಂದ.

‘ಆಟ ಮುಗಿದು ಅರ್ಧ ಗಂಟೆಯೊಳಗೆ ತಿನ್ನದಿದ್ದರೆ ಎಲ್ಲ ವ್ಯರ್ಥ’ ಅನ್ನುವ ಭಯ ಬೇಡ. ಮಾರನೇ ದಿನ ಮತ್ತೆ ಆಡುವುದಿಲ್ಲ ಅಂದರೆ ಒಂದೆರಡು ಗಂಟೆ ಆಚೀಚೆ ಆದರೂ ನಷ್ಟವಿಲ್ಲ. ಹಾಗೇ ಬೆಳಗಿನ ನಡಿಗೆಗೆ ಪ್ರತ್ಯೇಕ ಆಹಾರ ಅಂತ ಬೇಕಿಲ್ಲ, ನಡೆದು ಬಂದು ತಿನ್ನುವ ತಿಂಡಿಯೇ ಸಾಕು.

ಬೆವರಿನ ಲೆಕ್ಕ ಇನ್ನೊಂದು. ಆಟಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಅದು ಒಂದು ಲೀಟರ್ ನೀರು, ಕೊಬ್ಬಲ್ಲ. ಮುಂದಿನ ಎರಡು ಮೂರು ಗಂಟೆಯಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿದು ತುಂಬಿಸಬೇಕು.

ನಾಪೋಕ್ಲು_ಹಾಕಿ

ಎರಡು ಸಲ ಎಣಿಕೆ ಆಗುತ್ತಿದೆ ಅನ್ನುವುದು ಹೊಳೆದೇ ಇರಲಿಲ್ಲ. ತುಂಬಾ ಉಪಕಾರ ಆಯಿತು. 1350/1650 ಹಾಗೇ ಮಾಡುತ್ತೇನೆ. ಎರಡು ಅನುಮಾನ: ಮನೆ ಅಡುಗೆಯ ಲೆಕ್ಕ, ಮತ್ತೆ ಹಾಕಿ ಆಡಿದ ಮಾರನೇ ಬೆಳಿಗ್ಗೆ ತೂಕ ಏರಿರುತ್ತದಲ್ಲ, ಅದು ಯಾಕೆ? ಪಂದಿ ಕರಿಗೆ ಹಾಕುವ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ) ಕೊಬ್ಬು ಕರಗಿಸುತ್ತದೆ, ಹಾಗಾಗಿ ಪಂದಿ ಕರಿ ತಿಂದರೆ ತೊಂದರೆ ಇಲ್ಲ ಅಂತಲೂ ಮನೆಯಲ್ಲಿ ಹೇಳುತ್ತಾರೆ.

ಅಡುಗೆಮನೆ_ವಿರಾಜಪೇಟೆ

ಮನೆ ಅಡುಗೆಯ ಲೆಕ್ಕಕ್ಕೆ ಆ್ಯಪ್ ಬೇಡ, ಒಂದು ಅಡುಗೆ ತಕ್ಕಡಿ ಸಾಕು. ಬೆಂದದ್ದನ್ನು ತೂಗಬೇಡಿ, ನೀರು ಎಷ್ಟು ಕುಡಿದಿದೆ ಅಂತ ಗೊತ್ತಾಗುವುದಿಲ್ಲ. ಹಸಿ ಸಾಮಾನು ತೂಗಿ.

ಅಕ್ಕಿ, ಅಕ್ಕಿ ಹಿಟ್ಟು, ಅಕ್ಕಿ ತರಿ ಯಾವುದೇ ಇರಲಿ, ಒಣ ತೂಕ ಒಂದು ಗ್ರಾಂಗೆ ಮೂರೂವರೆ ಕ್ಯಾಲೊರಿ. ಒಟ್ಟಿಗೆ 200 ಗ್ರಾಂ ಹಿಟ್ಟು, 50 ಗ್ರಾಂ ಅಕ್ಕಿಯ ಅನ್ನ ಕಲಸಿದರೆ ಒಣ ಲೆಕ್ಕ 250 ಗ್ರಾಂ, 875 ಕ್ಯಾಲೊರಿ. ಎಂಟು ಒಟ್ಟಿ ತಟ್ಟಿದರೆ ಒಂದಕ್ಕೆ 110. ತುಪ್ಪ ಒಂದು ಟೀ ಚಮಚ ಸವರಿದರೆ 45 ಸೇರುತ್ತದೆ. ಎಷ್ಟು ಜನ ಈ ತುಪ್ಪವನ್ನು ಬರೆಯದೇ ಬಿಡುತ್ತಾರೋ! ನಾಲ್ಕು ಒಟ್ಟಿಗೆ ಅದು 180, ಹತ್ತಿರಹತ್ತಿರ ನಿಮ್ಮ ಒಂದು ಬೆಳಗಿನ ನಡಿಗೆಯಷ್ಟು.

ಕಡಂಬಿಟ್ಟಿಗೆ 250 ಗ್ರಾಂ ತರಿ, 50 ಗ್ರಾಂ ಕಾಯಿತುರಿ. ತರಿಯದ್ದು 875, ಕಾಯಿಯದ್ದು 175, ಒಟ್ಟು 1050. ಹನ್ನೆರಡು ಉಂಡೆ ಮಾಡಿದರೆ ಒಂದಕ್ಕೆ 88. ಕಾಯಿ ಹಾಕದಿದ್ದರೆ 73. ನೂಪುಟ್ಟು (ಅಕ್ಕಿ ಶಾವಿಗೆ) ಕೂಡ ಹೀಗೇ, ಹಿಟ್ಟು ತೂಗಿ ಹಂಚುವುದು. ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸುವ ಪಾಪುಟ್ಟಿನಲ್ಲಿ ಮಾತ್ರ ಹಾಲು, ಕಾಯಿ ಎರಡನ್ನೂ ಬರೆಯಲು ಮರೆಯಬೇಡಿ.

ಪಂದಿ ಕರಿಯಲ್ಲಿ ಮಾಂಸದ ಭಾಗ ಯಾವುದು ಅನ್ನುವುದೇ ಎಲ್ಲ. ಕೊಬ್ಬು ಬಿಡಿಸಿದ ತೊಡೆಯ ಮಾಂಸ ಹಸಿಯಾಗಿ 100 ಗ್ರಾಂಗೆ 140-150 ಕ್ಯಾಲೊರಿ, ಕೊಬ್ಬಿನ ಪದರ ಇರುವ ಹೊಟ್ಟೆಯ ಭಾಗ 500 ದಾಟುತ್ತದೆ. ಒಂದೇ ಪಾತ್ರೆಯಿಂದ ಬಡಿಸಿದರೂ ನಿಮ್ಮ ತಟ್ಟೆಗೆ ಬಿದ್ದ ತುಂಡು ಯಾವುದು ಅನ್ನುವುದರ ಮೇಲೆ ಮೂರು ಪಟ್ಟು ವ್ಯತ್ಯಾಸ. ಕಡಿಸುವಾಗಲೇ ತೊಡೆಯ ಭಾಗ ಬೇರೆ ಇಡಿಸಿ, ಬೇಯಿಸಿದ ಮೇಲೆ ಮೇಲೆ ನಿಂತ ಕೊಬ್ಬನ್ನು ಸೌಟಿನಲ್ಲಿ ತೆಗೆಯಿರಿ. ರಾತ್ರಿ ತಣ್ಣಗಾಗಲು ಬಿಟ್ಟರೆ ಬಿಳಿ ಪದರವಾಗಿ ಹೆಪ್ಪುಗಟ್ಟುತ್ತದೆ, ಸುಲಭವಾಗಿ ಎತ್ತಬಹುದು. ಆ ಪದರ ಪೂರ್ತಿ ಕೊಬ್ಬೇ, ಒಂದು ದೊಡ್ಡ ಚಮಚಕ್ಕೆ ಸುಮಾರು 115 ಕ್ಯಾಲೊರಿ.

ಕಾಚಂಪುಳಿ ರುಚಿಗೆ. ಅದು ಹುಳಿ, ಬಣ್ಣ ಕೊಡುತ್ತದೆ, ಮಾಂಸ ಕೆಡದಂತೆಯೂ ನೋಡಿಕೊಳ್ಳುತ್ತದೆ. ತಟ್ಟೆಯಲ್ಲಿರುವ ಕೊಬ್ಬನ್ನು ಮಾಯ ಮಾಡುವುದಿಲ್ಲ. ಅದೇ ಜಾತಿಯ ಹಣ್ಣಿನ ಸಾರ ತೆಗೆದು ‘ಕೊಬ್ಬು ಕರಗಿಸುವ’ ಮಾತ್ರೆ ಮಾಡಿ ಮಾರುತ್ತಾರೆ. ಅವುಗಳಿಂದ ಹೇಳಿಕೊಳ್ಳುವಂಥ ತೂಕ ಇಳಿಕೆ ಕಂಡಿಲ್ಲ, ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ಮಾತ್ರ ವರದಿಯಾಗಿವೆ. ದಯವಿಟ್ಟು ಆ ಮಾತ್ರೆಗೆ ಕೈ ಹಾಕಬೇಡಿ.

ಕಾಫಿಯನ್ನೂ ಸೇರಿಸಿ. ಹಾಲು 100 ಮಿ.ಲೀ., ಸಕ್ಕರೆ ಎರಡು ಚಮಚ ಅಂದರೆ ಒಂದು ಲೋಟ 100 ಕ್ಯಾಲೊರಿ. ದಿನಕ್ಕೆ ನಾಲ್ಕು ಕುಡಿದರೆ 400. ನಮ್ಮ ಹಳೇ ಪದ್ಧತಿಯ ಬೆಲ್ಲದ ಕಪ್ಪು ಕಾಫಿ 10 ಗ್ರಾಂ ಬೆಲ್ಲಕ್ಕೆ 40ರೊಳಗೆ ಮುಗಿಯುತ್ತದೆ. ಪೊನ್ನಂಪೇಟೆಯವರು ಕೊಟ್ಟ 30ರ ಲೆಕ್ಕಕ್ಕೆ ಇದನ್ನು ಸ್ವಲ್ಪ ಬೆಲ್ಲ ಕಡಿಮೆ ಮಾಡಿ ಒಂದೇ ಲೋಟ ಕುಡಿಯಬೇಕು, ಅದು ನೆನಪಿರಲಿ.

ಪ್ರೊಟೀನ್ ದಿನಕ್ಕೆ 85-95 ಗ್ರಾಂ ಇಟ್ಟುಕೊಂಡರೆ ಹಸಿವೂ ಹತೋಟಿಗೆ ಬರುತ್ತದೆ, ಸ್ನಾಯುವೂ ಕರಗದು. ಮೊಟ್ಟೆ ಒಂದಕ್ಕೆ 6, ಬೆಂದ ಕೋಳಿ 100 ಗ್ರಾಂಗೆ 27-30, ಬೆಂದ ಕಡಲೆ 100 ಗ್ರಾಂಗೆ 9, ಹಾಲು ಕಾಲು ಲೀಟರ್‌ಗೆ 8, ಮೊಸರು ಒಂದು ಬಟ್ಟಲು 5. ಒಟ್ಟಿ, ಅನ್ನದಿಂದ 10 ಬರುತ್ತದೆ. ತರಕಾರಿ ಊಟದವರಿಗೆ ಸೋಯಾ ಚಂಕ್ಸ್ ಒಣ 30 ಗ್ರಾಂಗೆ 15 ಸಿಗುತ್ತದೆ.

ಆಹಾರಲೆಕ್ಕ_ಗೋಣಿಕೊಪ್ಪ

ಮಾರನೇ ದಿನದ ತೂಕದ ಬಗ್ಗೆ: ಸ್ನಾಯುವಿನಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ, ಗ್ಲೈಕೊಜೆನ್. ಆಟದಲ್ಲಿ ಅದು ಖಾಲಿಯಾಗುತ್ತದೆ, ರಾತ್ರಿ ಊಟದಿಂದ ತುಂಬುತ್ತದೆ. ತುಂಬುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ನೋವಾದ ಸ್ನಾಯುವಿನಲ್ಲಿ ಊತದ ನೀರು ಬೇರೆ. ಉಪ್ಪಿನ ಮಜ್ಜಿಗೆ ಕುಡಿದಿದ್ದರೆ ಇನ್ನೂ ಸ್ವಲ್ಪ. ಹಾಗಾಗಿ ಅರ್ಧ, ಮುಕ್ಕಾಲು ಕೆ.ಜಿ. ಏರುವುದು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ತೂಗಿ. ಏಳು ದಿನದ ಸರಾಸರಿ ಬರೆದಿಡಿ. ಒಂದು ದಿನದ ಸಂಖ್ಯೆ ನೋಡಿ ಊಟ ಬದಲಿಸಬೇಡಿ. ಮುಟ್ಟಿನ ಹಿಂದಿನ ವಾರ ನೀರು ನಿಲ್ಲುವುದರಿಂದ, ಈ ತಿಂಗಳ ಮೊದಲ ವಾರವನ್ನು ಮುಂದಿನ ಚಕ್ರದ ಮೊದಲ ವಾರದೊಂದಿಗೆ ಹೋಲಿಸಿ. ನಾಲ್ಕು ವಾರಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಇಳಿದಿದ್ದರೆ ಏನೂ ಮುಟ್ಟಬೇಡಿ. ಒಂದು ಕೆ.ಜಿ.ಗಿಂತ ಕಡಿಮೆ ಇದ್ದರೆ ನಡಿಗೆ ದಿನಗಳಿಂದ 100 ತೆಗೆಯಿರಿ. ಮೂರು ಕೆ.ಜಿ. ದಾಟಿದ್ದರೆ ದಿನಕ್ಕೆ 150 ಸೇರಿಸಿ, ಅಷ್ಟು ವೇಗ ಬೇಡ.

ನರ್ಸ್_ಸೋಮವಾರಪೇಟೆ

ಈ ಚರ್ಚೆ ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಲೆಕ್ಕ ಎಲ್ಲರಿಗೂ ಅಲ್ಲ.

ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ‘ಹೆಚ್ಚು ತಿನ್ನುವುದಿಲ್ಲ’ ಅಂತ ಹಟ ಹಿಡಿಯಬಾರದು. ವ್ಯಾಯಾಮಕ್ಕೆ ಮುಂಚೆ ಶುಗರ್ 90ಕ್ಕಿಂತ ಕಡಿಮೆ ಇದ್ದರೆ 15-30 ಗ್ರಾಂ ಹಿಟ್ಟುಪದಾರ್ಥ ತಿಂದು ಹೊರಡಬೇಕು. 70ಕ್ಕಿಂತ ಇಳಿದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ನಡಿಗೆಗೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ, ತೋಟದ ದಾರಿಯಲ್ಲಿ ಅಂಗಡಿ ಸಿಗುವುದಿಲ್ಲ. ಇದು ಪದೇಪದೇ ಆಗುತ್ತಿದ್ದರೆ ಮಾತ್ರೆಗಾಗಿ ತಿನ್ನುತ್ತಾ ಹೋಗಬೇಡಿ, ಡಾಕ್ಟರಿಗೆ ತೋರಿಸಿ ಡೋಸ್ ಇಳಿಸಿಕೊಳ್ಳಿ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಶುಗರ್ ಹೀಗೆ ಇಳಿಯುವುದು ಅಪರೂಪ.

ಎರಡನೆಯದು, ಬೆಳೆಯುವ ಹುಡುಗಿಯರು. 50 ಕೆ.ಜಿ. ತೂಕದ ಹಾಕಿ ಹುಡುಗಿಗೆ ಕೊಬ್ಬು ಬಿಟ್ಟ ದೇಹತೂಕ 40 ಕೆ.ಜಿ. ಅಂದುಕೊಳ್ಳಿ. ಆಟದ ಖರ್ಚು ಕಳೆದು ಆ ತೂಕದ ಕೆ.ಜಿ.ಗೆ 45 ಕ್ಯಾಲೊರಿ ಉಳಿದರೆ ಒಳ್ಳೆಯದು, 30ಕ್ಕಿಂತ ಕೆಳಗೆ ಬಹುಕಾಲ ಇಳಿಯಬಾರದು. ಆಟಕ್ಕೆ 600 ಹೋಗುತ್ತಿದ್ದರೆ ಅವಳಿಗೆ ಬೇಕಾದದ್ದು 2400. ಅಮ್ಮ ತಿನ್ನುವ 1400ರ ತಟ್ಟೆ ನೋಡಿ ಮಗಳೂ ಅಷ್ಟೇ ತಿಂದರೆ ಮುಟ್ಟು ತಪ್ಪುತ್ತದೆ, ಮೂಳೆ ಸೋಲುತ್ತದೆ, ಕಾಲಿನ ಮೂಳೆಯಲ್ಲಿ ಕೂದಲೆಳೆ ಬಿರುಕು ಬರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸಿದೆ. ಮೂರು ತಿಂಗಳು ಮುಟ್ಟು ಆಗದಿದ್ದರೆ ‘ಆಟದ ಸುಸ್ತು’ ಅಂತ ಬಿಡದೆ ತೋರಿಸಿ.

ಬಸುರಿ, ಬಾಣಂತಿ ಈ ಲೆಕ್ಕಕ್ಕೆ ಬರಲೇಬಾರದು.

ನಾಪೋಕ್ಲು_ಹಾಕಿ

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಎರಡು. ಕೊಡವ ಕುಟುಂಬಗಳ ನಡುವಿನ ಹಾಕಿ ಟೂರ್ನಿಯ ಸಮಯದಲ್ಲಿ ಪಂದ್ಯದ ದಿನ ಏನು ಮಾಡುವುದು? ಜೂನ್‌ನಿಂದ ಮಳೆ ಹಿಡಿದರೆ ನಡಿಗೆಯೇ ನಿಲ್ಲುತ್ತದೆ, ಆಗ?

ಮೈದಾನ_ಪೊನ್ನಂಪೇಟೆ

ಪಂದ್ಯದ ದಿನ ತೂಕ ಇಳಿಸುವ ಲೆಕ್ಕ ಪಕ್ಕಕ್ಕಿಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರುಮಾಡಿದಾಗಿನಿಂದ ಈ ಟೂರ್ನಿ ನಡೆಯುವುದು ಬೇಸಿಗೆಯಲ್ಲಿ, ಬಿಸಿಲಿಗೆ ಬೆವರು ಹೆಚ್ಚು. ಆವತ್ತು ಖರ್ಚಾಗುವಷ್ಟೂ, ಅಂದರೆ 2000-2100 ತಿನ್ನಿ. ಪಂದ್ಯಕ್ಕೆ ಮೂರು ಗಂಟೆ ಮುಂಚೆ ಸರಿಯಾದ ಊಟ, ಒಂದು ಗಂಟೆ ಮುಂಚೆ ಬಾಳೆಹಣ್ಣು. ಊಟದಲ್ಲಿ ಒಟ್ಟಿ, ಮೊಟ್ಟೆ, ಸೊಪ್ಪಿನ ಪಲ್ಯ ಇರಲಿ. ಮೈದಾನದ ಪಕ್ಕ ಬಂಧುಗಳು ಬಡಿಸುವ ಪಂದಿ ಕರಿ ಪಂದ್ಯ ಮುಗಿದ ಮೇಲೆ. ಇಂಥ ಮೂರು ನಾಲ್ಕು ದಿನದಿಂದ ತಿಂಗಳ ಇಳಿಕೆಯಲ್ಲಿ ಕಡಿಮೆಯಾಗುವುದು ಕಾಲು ಕೆ.ಜಿ. ಮಾತ್ರ.

ಬೆಟ್ಟದಾರಿ_ಮಡಿಕೇರಿ

ಮಳೆಗಾಲಕ್ಕೆ: ನಡಿಗೆ ನಿಂತರೆ ದಿನದ ಸರಾಸರಿಯಿಂದ 160 ಹೋಗುತ್ತದೆ. ಊಟ ಅಷ್ಟೇ ಇಟ್ಟರೆ ವಾರಕ್ಕೆ 450 ಗ್ರಾಂ ಇಳಿಯುತ್ತಿದ್ದದ್ದು 320ಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಅದನ್ನು ಒಪ್ಪಿಕೊಳ್ಳುವುದೇ ವಾಸಿ, 1350ಕ್ಕಿಂತ ಕೆಳಗೆ ಊಟ ಇಳಿಸುವುದಕ್ಕಿಂತ. ಮಳೆಯ ಚಳಿಗೆ ಹಸಿವೂ ಹೆಚ್ಚು.

ಬೇಕೇಬೇಕು ಅಂದರೆ ಮನೆಯ ಮೆಟ್ಟಿಲು ಇದೆ. 20 ಸೆಂ.ಮೀ. ಎತ್ತರದ ಮೆಟ್ಟಿಲು 600 ಸಲ ಹತ್ತಿದರೆ ಅದೇ 120 ಮೀಟರ್, ಅದೇ 80 ಕ್ಯಾಲೊರಿ. ಹದಿನೈದು ಮೆಟ್ಟಿಲಿದ್ದರೆ 40 ಸುತ್ತು, ಇಪ್ಪತ್ತು ನಿಮಿಷದ ಕೆಲಸ. ಇಳಿಯುವಾಗ ಕಂಬಿ ಹಿಡಿದು ನಿಧಾನ ಇಳಿಯಿರಿ, ಮಂಡಿ ಕೆಡುವುದು ಅಲ್ಲೇ. ಮೊದಲ ವಾರ ಹತ್ತು ಸುತ್ತಿನಿಂದ ಶುರುಮಾಡಿ.

ಇವತ್ತೇ ಮಾಡಬೇಕಾದ್ದು ಒಂದಿದೆ. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ವ್ಯಾಯಾಮದ ಕ್ಯಾಲೊರಿ ಸೇರಿಸು’ ಅನ್ನುವ ಗುಂಡಿ ಆಫ್ ಮಾಡಿ. ಅಂಥ ಗುಂಡಿ ಇಲ್ಲದಿದ್ದರೆ ವಾಚಿನ ಜೋಡಣೆ ತೆಗೆದುಬಿಡಿ. ಹೆಜ್ಜೆ, ನಾಡಿ ವಾಚಿನಲ್ಲೇ ನೋಡಿಕೊಳ್ಳಬಹುದು.